ಗಡಿಯಾಚೆಯ ವೈದ್ಯ, ಗಡಿಯೀಚೆಯ ವಿಮೆ

ಕಾಗವಾಡದಲ್ಲಿ ಬಸ್ಸು ಹತ್ತಿದರೆ ಮೀರಜ್ ಅರ್ಧ ತಾಸಿನ ದಾರಿ. ಜಿಲ್ಲಾಸ್ಥಳವಾದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳಿಂದ ರೈಲು ನೇರವಾಗಿ ಮೀರಜಿಗೇ ಒಯ್ಯುತ್ತದೆ. ಅಮೆರಿಕನ್ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು. ಅಥಣಿ, ಚಿಕ್ಕೋಡಿ ಕಡೆಯವರಿಗೆ ಇಂದಿಗೂ ದೊಡ್ಡ ದವಾಖಾನೆ ಎಂದರೆ ಮೀರಜ್. ರೋಗಿ ಗಡಿ ದಾಟುವುದು ಸುಲಭ. ಅವನ ವಿಮೆ ದಾಟುವುದು ಅಷ್ಟು ಸುಲಭವಲ್ಲ.

ಸೊಟ್ಟಪಾದದ ಕೂಸಿನ ಉದಾಹರಣೆಯನ್ನೇ ನೋಡೋಣ. ಹುಟ್ಟುವ ಸಾವಿರ ಕೂಸುಗಳಲ್ಲಿ ಸುಮಾರು ಒಂದಕ್ಕೆ ಪಾದ ಒಳಕ್ಕೆ, ಕೆಳಕ್ಕೆ ತಿರುಚಿಕೊಂಡಿರುತ್ತದೆ. ಗ್ರಹಣ ನೋಡಿದ್ದಕ್ಕೆ ಹೀಗಾಯಿತೆಂದು ತಾಯಿಯನ್ನು ದೂರುವವರು ಇನ್ನೂ ಇದ್ದಾರೆ; ಗ್ರಹಣಕ್ಕೂ ಪಾದಕ್ಕೂ ಯಾವ ಸಂಬಂಧವೂ ಇಲ್ಲ. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ನೆಲೆಸಿದ ವೈದ್ಯ ಇಗ್ನಾಸಿಯೊ ಪೊನ್ಸೆಟಿ ಇದಕ್ಕೆ ಸರಳ ಉಪಾಯ ಕಂಡುಹಿಡಿದರು. ಎಳೆಗೂಸಿನ ಮೂಳೆ ಇನ್ನೂ ಬಹುಪಾಲು ಮೃದ್ವಸ್ಥಿ, ಅಸ್ಥಿರಜ್ಜುಗಳು ಮೆತ್ತಗೆ. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಐದಾರು ವಾರಗಳ ಬಳಿಕ ಬಹಳಷ್ಟು ಮಕ್ಕಳಿಗೆ ಹಿಮ್ಮಡಿಯ ಹುರಿಯನ್ನು ಕತ್ತರಿಸುವ ಪುಟ್ಟ ಶಸ್ತ್ರಕ್ರಿಯೆ. ಆಮೇಲೆ ಮೊದಮೊದಲು ಬಹುತೇಕ ಇಡೀ ದಿನ, ನಂತರ ನಾಲ್ಕು ವರ್ಷದವರೆಗೂ ರಾತ್ರಿ ಹೊತ್ತು ಪಟ್ಟಿ ಜೋಡಿಸಿದ ಬೂಟು. ಇದನ್ನು ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುವುದೇ ಹೆಚ್ಚು. ಸಕಾಲದಲ್ಲಿ ಮಾಡದಿದ್ದರೆ ಮಗು ಪಾದದ ಅಂಚಿನ ಮೇಲೆ ನಡೆಯಲು ಕಲಿಯುತ್ತದೆ, ಮೂಳೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಆಗ ಬೇಕಾಗುವುದು ಮೂಳೆಯನ್ನೇ ಕೊಯ್ಯುವ ದೊಡ್ಡ ಶಸ್ತ್ರಕ್ರಿಯೆ.

ಖಾಸಗಿ ವಿಮೆ ತೊಡಕಾಗುವುದು ಇಲ್ಲಿಯೇ. ವಿಮಾ ನಿಯಮಗಳು ಹುಟ್ಟುನ್ಯೂನತೆಗಳನ್ನು ಒಳಗಿನವು, ಹೊರಗಿನವು ಎಂದು ವಿಂಗಡಿಸುತ್ತವೆ. ಅನೇಕ ಪಾಲಿಸಿಗಳು ಕಣ್ಣಿಗೆ ಕಾಣುವ ನ್ಯೂನತೆಗೆ ಹಣ ಕೊಡುವುದಿಲ್ಲ. ಹೃದಯದ ರಂಧ್ರ ಒಳಗಿನದು. ಪಾದ, ಸೀಳುತುಟಿ ಹೊರಗಿನವು. ನಡೆಯಲಾಗದ ಮಗುವಿನ ಕಣ್ಣಿನಿಂದ ನೋಡಿದರೆ ಇದು ವಿಚಿತ್ರ ನ್ಯಾಯ. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಯೂ ಹೊರಗೇ. ಆದ್ದರಿಂದ ವೈದ್ಯರ ಪತ್ರದಲ್ಲಿ ನಡಿಗೆಗೆ ಆಗುವ ಅಡ್ಡಿ ಸ್ಪಷ್ಟವಾಗಿ ದಾಖಲಾಗಿರಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗರಿಷ್ಠ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಆದರೆ ಪೊನ್ಸೆಟಿ ಚಿಕಿತ್ಸೆ ಶುರುವಾಗಬೇಕಾದದ್ದು ಹುಟ್ಟಿದ ಮೊದಲ ವಾರಗಳಲ್ಲಿ!

ಸರ್ಕಾರಿ ಕಾರ್ಡಿನ ಮಾತೇ ಬೇರೆ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಬೇಕು. ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸಲ್ಲುವ ಸೌಲಭ್ಯ ಇರುವುದು ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳಿಗೆ. ರಾಜ್ಯ ತನ್ನ ಖರ್ಚಿನಲ್ಲಿ ಸೇರಿಸಿಕೊಂಡವರದು ಬೇರೆ ಲೆಕ್ಕ. ತಮ್ಮ ಮನೆ ಯಾವ ಪಟ್ಟಿಯಲ್ಲಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಾಗುವುದು ಮೀರಜಿನ ಕೌಂಟರಿನ ಮುಂದೆ. ಮಹಾರಾಷ್ಟ್ರವು 2023ರಲ್ಲಿ ತನ್ನ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಊರುಗಳಿಗೆ ವಿಸ್ತರಿಸಲು ಹೊರಟಾಗ ಕರ್ನಾಟಕ ಬಲವಾಗಿ ವಿರೋಧಿಸಿತು. ಗಡಿಯ ವಾದ ದೊಡ್ಡವರದು. ಕೂಸಿನ ಮೂಳೆ ಅದಕ್ಕಾಗಿ ಕಾಯುವುದಿಲ್ಲ.

ಇಷ್ಟರ ನಡುವೆ ಜನ ಮರೆಯುವ ದಾರಿಯೊಂದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹದಿನೆಂಟು ವರ್ಷದೊಳಗಿನವರ ಸೊಟ್ಟಪಾದ, ಸೀಳುತುಟಿ, ಹೃದಯದೋಷಗಳೆಲ್ಲ ಇದರ ಪಟ್ಟಿಯಲ್ಲಿವೆ, ಚಿಕಿತ್ಸೆ ಉಚಿತ. ಮನೆಯಲ್ಲಿ ಹೊಸ ಕೂಸು ಬಂದಿದ್ದರೆ ತಂಡಕ್ಕಾಗಿ ಕಾಯದೆ ಆಶಾ ಕಾರ್ಯಕರ್ತೆಗೆ ಪಾದ ತೋರಿಸಬಹುದು. ಆಮೇಲೂ ಮೀರಜಿಗೇ ಹೋಗುವುದಾದರೆ ಹೊರಡುವ ಮುನ್ನವೇ ಆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ ಕಾರ್ಡಿನ ಸಂಖ್ಯೆ ಕೊಟ್ಟು ವಿಚಾರಿಸುವುದು ಒಳಿತು. ಖಾಸಗಿ ಪಾಲಿಸಿಯಿದ್ದರೆ ಕಂಪನಿಯ ಒಪ್ಪಿಗೆ ಬರಹದಲ್ಲಿ ಬರಲಿ. ವಾರವಾರದ ಪ್ಲಾಸ್ಟರಿಗೆ ಹಾಸಿಗೆ ಹಿಡಿಯಬೇಕಾಗಿಲ್ಲವಾದ್ದರಿಂದ ಹಲವು ಪಾಲಿಸಿಗಳು ಅದರ ಖರ್ಚು ಕೊಡುವುದಿಲ್ಲ. ಬಸ್ಸಿನ ಚಾರ್ಜನ್ನಂತೂ ಕೇಳುವುದೇ ಬೇಡ.