ಅಕ್ಕನ ಹೆಗಲ ಮೇಲಿನ ಮನೆ

ಸ್ಟುಡಿಯೊ ಘಿಬ್ಲಿ ಸಂಸ್ಥೆಯ ಎರಡು ಅನಿಮೇಷನ್ ಚಿತ್ರಗಳು 1988ರ ಏಪ್ರಿಲ್‌ನಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಜೋಡಿಯಾಗಿ ತೆರೆಕಂಡವು. ಇಸಾವೊ ತಕಹತಾ ಅವರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಯುದ್ಧದಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ-ತಂಗಿಯರ ದಾರುಣ ಕಥೆಯಾದರೆ, ಹಯಾವೊ ಮಿಯಾಝಾಕಿ ಅವರ 'ಮೈ ನೇಬರ್ ಟೊಟೊರೊ' ಹಳ್ಳಿಗೆ ಬಂದ ಇಬ್ಬರು ಹುಡುಗಿಯರಿಗೂ ಕಾಡಿನ ದೈತ್ಯಜೀವಿಯೊಂದಕ್ಕೂ ಬೆಳೆಯುವ ಸ್ನೇಹದ ಕಥೆ. ಎರಡನೆಯದು ಮೇಲ್ನೋಟಕ್ಕೆ ನಲಿವಿನ ಚಿತ್ರ. ಆದರೆ ತಾಯಿ ಇಲ್ಲವಾದರೆ ಏನು ಗತಿ ಎಂಬ ಭಯ ಅದರಲ್ಲೂ ಉದ್ದಕ್ಕೂ ಹರಿಯುತ್ತದೆ, ದೊಡ್ಡವರ ಕಣ್ಣು ತೇವವಾಗುವುದೂ ಅಲ್ಲಿಯೇ.

ಕಥೆ ನಡೆಯುವುದು 1950ರ ದಶಕದಲ್ಲಿ, ಟೋಕಿಯೊ ನಗರದ ಅಂಚಿನ ಗದ್ದೆ-ಗುಡ್ಡಗಳ ನಡುವೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ತಂದೆ ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತಾನೆ. ಹಾಗಾಗಿ ಮಧ್ಯಾಹ್ನದ ಬುತ್ತಿ ಕಟ್ಟುವುದು, ನಾಲ್ಕು ವರ್ಷದ ತಂಗಿ ಮೇಯನ್ನು ಸಂಭಾಳಿಸುವುದು, ಎಲ್ಲವೂ ಶಾಲೆಗೆ ಹೋಗುವ ಅಕ್ಕ ಸತ್ಸುಕಿಯ ಪಾಲಿಗೆ ಬೀಳುತ್ತವೆ. ತಾಯಿಯ ಕಾಯಿಲೆ ಏನೆಂಬುದನ್ನು ಚಿತ್ರ ಹೇಳುವುದಿಲ್ಲ. ಮಿಯಾಝಾಕಿಯವರ ತಾಯಿ ಅವರ ಬಾಲ್ಯದಲ್ಲಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ರೋಗಿಯಿರುವ ಮನೆಯಲ್ಲಿ ಮಕ್ಕಳು ಹೇಗೆ ವಯಸ್ಸಿಗೆ ಮೀರಿ ಗಂಭೀರರಾಗುತ್ತಾರೆ ಎಂಬುದು ಅವರಿಗೆ ಹತ್ತಿರದಿಂದ ಗೊತ್ತಿದ್ದ ಸಂಗತಿ.

ಬಸ್ ನಿಲ್ದಾಣದ ಪ್ರಸಿದ್ಧ ದೃಶ್ಯವನ್ನು ಈ ಬೆಳಕಿನಲ್ಲಿ ನೋಡಬೇಕು. ಕೊಡೆ ಮರೆತು ಹೋದ ತಂದೆಗಾಗಿ ಮಕ್ಕಳು ಮಳೆಯಲ್ಲಿ ಕಾಯುತ್ತಿರುವಾಗ ಕತ್ತಲಾಗುತ್ತದೆ, ನಿದ್ದೆಗೆ ಜಾರಿದ ಮೇಯನ್ನು ಸತ್ಸುಕಿ ಬೆನ್ನಿಗೇರಿಸಿಕೊಳ್ಳುತ್ತಾಳೆ, ತಲೆಯ ಮೇಲೆ ಎಲೆಯೊಂದನ್ನಿಟ್ಟುಕೊಂಡ ಟೊಟೊರೊ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಅವಳು ತಂದೆಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬೀಳುವ ಸದ್ದಿಗೆ ಮರುಳಾದ ಆ ಜೀವಿ ಜಿಗಿದು ನೆಲಕ್ಕಿಳಿದಾಗ ಮರಗಳಲ್ಲಿ ನಿಂತ ನೀರೆಲ್ಲ ಒಮ್ಮೆಗೇ ಸುರಿಯುತ್ತದೆ. ಈ ತಮಾಷೆಗೆ ಮಕ್ಕಳು ನಗುತ್ತಾರೆ. ದೊಡ್ಡವರ ಕಣ್ಣು ಮಾತ್ರ ತಂಗಿಯ ಭಾರಕ್ಕೆ ಬಾಗಿದ ಆ ಎಳೆಯ ಬೆನ್ನಿನ ಮೇಲಿರುತ್ತದೆ. ಪಾರದರ್ಶಕ ಹಾಳೆಯ ಮೇಲೆ ಪಾತ್ರಗಳನ್ನು ಕೈಯಿಂದ ಬಿಡಿಸಿ, ಬಣ್ಣದ ಹಿನ್ನೆಲೆಯ ಮೇಲಿಟ್ಟು ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸುವ 'ಸೆಲ್' ಪದ್ಧತಿಯಲ್ಲಿ ಪ್ರತಿ ಕ್ಷಣವೂ ದುಬಾರಿಯಾಗಿದ್ದರೂ, ಮಿಯಾಝಾಕಿ ಇಲ್ಲಿ ಏನೂ ನಡೆಯದ ನಿಮಿಷಗಳಿಗೆ ಧಾರಾಳವಾಗಿ ಜಾಗ ಬಿಟ್ಟಿದ್ದಾರೆ.

ಇಂಥ ನಿಧಾನದಲ್ಲಿ ಕೂಡಿಟ್ಟ ಭಾವವೆಲ್ಲ ಕೊನೆಯ ಭಾಗದಲ್ಲಿ ಕಟ್ಟೆಯೊಡೆಯುತ್ತದೆ. ಆಸ್ಪತ್ರೆಯಿಂದ ತಂತಿ ಬಂದು, ತಾಯಿ ಮನೆಗೆ ಬರುವುದು ಮುಂದೂಡಲ್ಪಟ್ಟಾಗ ಹಟ ಹಿಡಿದ ತಂಗಿಯ ಮೇಲೆ ಸತ್ಸುಕಿ ರೇಗುತ್ತಾಳೆ. ಬಳಿಕ ನೆರೆಮನೆಯ ಅಜ್ಜಿಯ ಮುಂದೆ, ಅಮ್ಮ ಸತ್ತುಹೋದರೆ ಏನು ಮಾಡುವುದು ಎಂದು ಬಿಕ್ಕಿ ಅಳುತ್ತಾಳೆ. ಅಷ್ಟು ಹೊತ್ತೂ ಹಿರಿಯಳಂತೆ ನಡೆದುಕೊಂಡವಳು ಇನ್ನೂ ಮಗುವೇ ಎಂಬುದು ಆಗ ತಟ್ಟನೆ ಅರಿವಾಗುತ್ತದೆ. ಮನೆಯ ಕಷ್ಟಕಾಲದಲ್ಲಿ ಜಾಣ ಮಗು ಎನಿಸಿಕೊಂಡು ಬೆಳೆದವರಿಗೂ, ಮಕ್ಕಳಿಂದ ಅಂಥ ಜಾಣತನವನ್ನು ಪಡೆದುಕೊಂಡ ತಂದೆತಾಯಿಯರಿಗೂ ಈ ಅಳು ನೇರವಾಗಿ ನಾಟುತ್ತದೆ.

ಈ ಚಿತ್ರದಲ್ಲಿ ಖಳನಿಲ್ಲ, ಪವಾಡದ ಮದ್ದೂ ಇಲ್ಲ. ಆಸ್ಪತ್ರೆಗೆ ಜೋಳದ ತೆನೆ ಕೊಂಡೊಯ್ಯಲು ಹೊರಟು ದಾರಿ ತಪ್ಪಿದ ಮೇಯನ್ನು ಹುಡುಕಲು ಟೊಟೊರೊ ಬೆಕ್ಕಿನಾಕಾರದ ಬಸ್ಸೊಂದನ್ನು ಕರೆಸಿಕೊಡುತ್ತದೆಯೇ ಹೊರತು ತಾಯಿಯ ರೋಗವನ್ನು ಮುಟ್ಟುವುದಿಲ್ಲ; ಅವಳು ಮನೆಗೆ ಮರಳುವುದನ್ನು ತೋರಿಸುವುದು ಕೊನೆಯ ಹೆಸರುಗಳ ಜೊತೆ ಹಾದುಹೋಗುವ ಚಿತ್ರಗಳಷ್ಟೆ. ಕಲ್ಪನೆಯಿಂದ ಕಾಯಿಲೆ ವಾಸಿಯಾಗುತ್ತದೆಂದು ಮಕ್ಕಳನ್ನು ನಂಬಿಸಲು ಹೋಗದೆ, ಕಾಯುವ ದಿನಗಳನ್ನು ಕಳೆಯಲು ಅದು ಜೊತೆಗಿರಬಲ್ಲದು ಎಂದಷ್ಟೇ ಹೇಳುವ ಈ ಪ್ರಾಮಾಣಿಕತೆಯಿಂದಲೇ ದೊಡ್ಡವರು ಟೊಟೊರೊವನ್ನು ನಂಬುತ್ತಾರೆ.