ಭಕ್ಷೀಸು: ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು

ಕೆಲಸಕ್ಕೆ ತಕ್ಕ ಹಣವನ್ನು ತೆತ್ತ ಮೇಲೆ, ಮೆಚ್ಚಿಗೆಯಿಂದ ಮತ್ತಿಷ್ಟು ಕೊಡುವುದಕ್ಕೆ ನಮ್ಮಲ್ಲಿ ಇನಾಮು ಎಂದೂ ಭಕ್ಷೀಸು ಎಂದೂ ಹೆಸರು. ಹೋಟೆಲುಗಳಲ್ಲಿ ಈಗ ‘ಟಿಪ್ಸ್’ ಎಂಬುದೇ ಬಳಕೆ. ‘ಭಕ್ಷೀಸು’ ಎಂದೊಡನೆ ತರಗತಿಯ ಹುಡುಗರು ‘ಭಕ್ಷಿಸು’ ಎಂಬುದನ್ನು ನೆನೆದು ನಗುವುದುಂಟು. ಆದರೆ ಈ ಪದ ಬಂದಿರುವುದು ಪಾರಸಿಯಿಂದ, ಅರ್ಥ, ಕೊಡುಗೆ. ತಿನ್ನುವ ಮಾತಲ್ಲ, ಕೊಡುವ ಮಾತು. ಯಾರಿಗೆ, ಎಷ್ಟು ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಇದನ್ನರಿಯದೆ ನಾನೊಮ್ಮೆ ತಲೆತಗ್ಗಿಸಬೇಕಾಯಿತು.

ಕೆಲವು ವರ್ಷಗಳ ಹಿಂದೆ ಮಗಳನ್ನು ನೋಡಲು ತುಮಕೂರಿನಿಂದ ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆವು. ಒಂದು ಮಧ್ಯಾಹ್ನ ನಾನೂ ನಮ್ಮ ಮನೆಯವರೂ ಇಬ್ಬರೇ ಹೊರಗೆ ಊಟಮಾಡಿ, ಬಿಲ್ಲಿನ ಹಣವನ್ನು ಚಿಲ್ಲರೆ ಸಹಿತ ಎಣಿಸಿಟ್ಟು ಎದ್ದೆವು. ಬಡಿಸಿದ ಹುಡುಗಿ ಬಾಗಿಲವರೆಗೆ ಬಂದು, “ನನ್ನಿಂದ ಏನಾದರೂ ತಪ್ಪಾಯಿತೆ?” ಎಂದಳು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಊಟ ಚೆನ್ನಾಗಿತ್ತೆಂದು ಹೇಳಿ ಬಂದುಬಿಟ್ಟೆ. ಸಂಜೆ ಮಗಳು, “ಅಪ್ಪಾ, ಅದು ಇನಾಮಲ್ಲ, ಅವಳ ಸಂಬಳ” ಎಂದಳು. ಮಾರನೆಯ ದಿನ ಹುಡುಕಿಕೊಂಡು ಹೋದರೆ ಅವಳಿಗೆ ಅಂದು ರಜೆ.

ಮಗಳ ಮಾತು ದಿಟ. ಭಕ್ಷೀಸು ಪಡೆಯುವ ನೌಕರರಿಗೆ ಮಾಲೀಕನು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕೆಂದು ಅಲ್ಲಿನ ಕೇಂದ್ರ ಕಾನೂನು 1991ರಿಂದ ಹೇಳುತ್ತ ಬಂದಿದೆ. ಕನಿಷ್ಠ ವೇತನದ ಉಳಿದ ಭಾಗ ಗಿರಾಕಿಗಳ ಕೈಯಿಂದ ಬರಬೇಕು. ಬಾರದಿದ್ದರೆ ಮಾಲೀಕ ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳಲ್ಲಿ ಪೂರ್ಣ ವೇತನವನ್ನೇ ಕೊಡತಕ್ಕದ್ದು. ರೂಢಿ ಮಾತ್ರ ಎಲ್ಲೆಡೆ ಒಂದೇ: ಕುಳಿತು ಉಂಡರೆ ನೂರಕ್ಕೆ 15ರಿಂದ 20. ನಲವತ್ತು ಡಾಲರ್ ಊಟಕ್ಕೆ ಆರರಿಂದ ಎಂಟು ಡಾಲರ್ ಎಂದಾಯಿತು.

ಇದನ್ನೇ ಕಲಿತು ಜಪಾನಿಗೆ ಹೋದರೆ ಮತ್ತೆ ಪೇಚು. ಅಲ್ಲಿ ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತದ್ದೆಂದು ತಿಳಿದು ಹಿಂದೆಯೇ ಓಡಿಬಂದು ಕೊಡುತ್ತಾರೆ. ಫ್ರಾನ್ಸಿನಲ್ಲಿ ಸೇವೆಯ ಹಣ ಊಟದ ಬೆಲೆಯಲ್ಲಿಯೇ ಸೇರಿದೆ. ಮೆಚ್ಚಿದರೆ ನಾಲ್ಕು ನಾಣ್ಯ ಸಾಕು. ಬ್ರಿಟನ್ನಿನಲ್ಲಿ ಅನೇಕ ಕಡೆ ಬಿಲ್ಲಿನಲ್ಲೇ ಸೇರಿಸಿರುತ್ತಾರೆ. ನೋಡದೆ ಎರಡು ಸಲ ಕೊಡಬಾರದು. ಆ ಹಣವೆಲ್ಲ ಕೆಲಸಗಾರರಿಗೇ ಸಲ್ಲಬೇಕೆಂಬ ಕಾನೂನು 2024ರ ಅಕ್ಟೋಬರ್ 1ರಿಂದ ಅಲ್ಲಿ ಜಾರಿಯಲ್ಲಿದೆ.

ಇನ್ನು ನಮ್ಮಲ್ಲಿಗೆ ಬರುವ ಪರದೇಶದವರ ಪಾಡು. ಗುಬ್ಬಿಯಲ್ಲಿ ನಮ್ಮ ಸೋದರಮಾವನ ಮನೆಗೆ ಬಂದಿದ್ದ ಜರ್ಮನ್ ಅತಿಥಿಯೊಬ್ಬರು ಹೋಳಿಗೆ ಊಟಮಾಡಿ ಎಲೆಯ ಪಕ್ಕದಲ್ಲಿ ಐನೂರರ ನೋಟನ್ನಿಟ್ಟರು. ಅತ್ತೆಯ ಮುಖ ಸಣ್ಣದಾಯಿತು. ಆದರೂ ಅವರು ಏನೂ ಆಡದೆ ನೋಟನ್ನು ಮರಳಿಸಿ, ಎಲೆ ಅಡಿಕೆ ತೆಂಗಿನಕಾಯಿಗಳನ್ನು ಕೈಗಿತ್ತು ಕಳುಹಿಸಿದರು. ಆ ಅತಿಥಿಯ ತಪ್ಪೂ ನ್ಯೂಜೆರ್ಸಿಯಲ್ಲಿ ನನ್ನ ತಪ್ಪೂ ಒಂದೇ ಬಗೆಯವು.

ಇಂತಹವರಿಗೆ ನಾವು ಮೊದಲೇ ತಿಳಿಸಬೇಕು. ಮನೆಯ ಊಟಕ್ಕೆ ಹಣವಿಲ್ಲ. ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಬಡಿಸುವವರ ಕೈಗೆ ನೋಟು ಕೊಡುವುದು ಸಲ್ಲದು. ಮನಸ್ಸಿದ್ದರೆ ಮಠದ ಕಚೇರಿಯಲ್ಲಿ ಕಾಣಿಕೆ ಸಲ್ಲಿಸಬಹುದು. ನಿಂತು ತಿನ್ನುವ ದರ್ಶಿನಿಯಲ್ಲಿ ಇನಾಮಿಲ್ಲ. ಬಡಿಸುವ ಹೋಟೆಲಿನಲ್ಲಿ ಸೋಂಪಿನ ತಟ್ಟೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಬಿಟ್ಟರೆ ಚೆನ್ನ. ಬಾಡಿಗೆ ಕಾರಿನಲ್ಲಿ ಕುಣಿಗಲ್ ದಾಟಿ ಹಾಸನದ ಕಡೆ ಹೋಗುವವರ ಬಿಲ್ಲಿನಲ್ಲಿ ‘ಡ್ರೈವರ್ ಬಾಟಾ’ ಎಂದಿರುತ್ತದೆ. ಅದು ಚಾಲಕನ ದಿನದ ಭತ್ಯೆ, ಇನಾಮಲ್ಲ. ದಾರಿಯಲ್ಲಿ ತಿಂಡಿಗೆ ನಿಂತಾಗ ಆತನನ್ನೂ ಕರೆಯುವುದು ನಮ್ಮ ಮರ್ಯಾದೆ.

ಹೋಟೆಲುಗಳು ತಾವಾಗಿ ಸೇವಾಶುಲ್ಕವನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಸೂಚಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದುದರಿಂದ ಇಲ್ಲಿ ಇನಾಮು ಕೊಡುವವನ ಇಚ್ಛೆಗೆ ಬಿಟ್ಟದ್ದು.

ಕಡೆಯದಾಗಿ ಒಂದು ಮಾತು. ಕೆಲಸ ಮುಗಿದ ಮೇಲೆ ಸಂತೋಷದಿಂದ ಕೊಟ್ಟದ್ದು ಇನಾಮು; ಕೆಲಸವಾಗಲೆಂದು ಮುಂಚೆಯೇ ಕೈಗೆ ತುರುಕಿದ್ದು ಲಂಚ. ಪರಸ್ಥಳದಲ್ಲಿ ಸಂದೇಹ ಬಂದರೆ ಅಲ್ಲಿಯವರನ್ನು ಕೇಳಿಬಿಡಬೇಕು. ಕೇಳುವುದರಲ್ಲಿ ನಾಚಿಕೆಯಿಲ್ಲ. ಕೇಳದೆ ಬಂದುದಕ್ಕಾಗಿ ಆ ಹುಡುಗಿಯ ಬಾಡಿದ ಮುಖ ನನಗೆ ಇಂದಿಗೂ ನೆನಪಾಗುತ್ತದೆ.