ಆದಾಮ-ಹವ್ವರಿಗೆ ಎಲೆ ತೊಡಿಸಿದವರು

ಬೈಬಲ್‌ನ ಆದಿಕಾಂಡದಲ್ಲಿ ಆದಾಮ ಮತ್ತು ಹವ್ವರ ಕಥೆ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಆದರೆ ಯುರೋಪಿನ ಚಿತ್ರಕಲೆಯಲ್ಲಿ ಈ ಆದಿ ದಂಪತಿಗೆ ದೊರೆತ ಸ್ಥಾನ ಬಹು ದೊಡ್ಡದು. ಇದಕ್ಕೊಂದು ವ್ಯಾವಹಾರಿಕ ಕಾರಣವೂ ಉಂಟು. ನಗ್ನ ದೇಹವನ್ನು ಚರ್ಚಿನ ಗೋಡೆಯ ಮೇಲೆಯೇ ಚಿತ್ರಿಸಲು ಕಲಾವಿದರಿಗೆ ಶಾಸ್ತ್ರಸಮ್ಮತ ನೆಪ ಒದಗಿಸಿದ ಕೆಲವೇ ಪ್ರಸಂಗಗಳಲ್ಲಿ ಇದೂ ಒಂದು. ಆ ನೆಪವನ್ನು ಒಪ್ಪದವರೂ ಆಗಾಗ ಅಧಿಕಾರದಲ್ಲಿದ್ದರು. ಹಾಗಾಗಿ ಈ ಚಿತ್ರಗಳ ಚರಿತ್ರೆಯು ಮುಚ್ಚಿದ ಮತ್ತು ತೆರೆದ ಚರಿತ್ರೆಯೂ ಹೌದು.

ಇಟಲಿಯ ಫ್ಲಾರೆನ್ಸ್ ನಗರದ ಬ್ರಾಂಕಾಚಿ ಪ್ರಾರ್ಥನಾ ಮಂದಿರ ಇದಕ್ಕೆ ಉತ್ತಮ ನಿದರ್ಶನ. ಮೂವತ್ತು ತುಂಬುವ ಮೊದಲೇ ತೀರಿಕೊಂಡ ಮಸಾಚೊ ಎಂಬ ಕಲಾವಿದ 1420ರ ದಶಕದಲ್ಲಿ ಇಲ್ಲಿ ಏದೆನ್ ತೋಟದಿಂದ ಹೊರಹಾಕಲ್ಪಟ್ಟ ದಂಪತಿಯನ್ನು ಚಿತ್ರಿಸಿದ. ಹವ್ವಳು ಕೈಗಳಿಂದ ಮೈ ಮುಚ್ಚಿಕೊಂಡು, ಬಾಯಿ ತೆರೆದು ಗೋಳಿಡುತ್ತಿದ್ದಾಳೆ. ಆದಾಮನಿಗೆ ಮೈಯ ಪರಿವೆಯೇ ಇಲ್ಲ. ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ. ಒಬ್ಬರದು ನಾಚಿಕೆ, ಇನ್ನೊಬ್ಬರದು ಪಶ್ಚಾತ್ತಾಪ. ಚಿತ್ರದ ಜೀವವಿರುವುದು ಈ ವ್ಯತ್ಯಾಸದಲ್ಲಿ. ಸುಮಾರು 1680ರಲ್ಲಿ, ಮೂರನೇ ಕೊಸಿಮೊ ದೊರೆಯ ಆಳ್ವಿಕೆಯಲ್ಲಿ, ಇಬ್ಬರ ಸೊಂಟಕ್ಕೂ ಎಲೆಗಳನ್ನು ಬರೆಯಿಸಲಾಯಿತು. ಮೂರು ಶತಮಾನಗಳ ಬಳಿಕ, 1980ರ ದಶಕದ ಜೀರ್ಣೋದ್ಧಾರದ ವೇಳೆ ತಜ್ಞರು ಅವನ್ನು ತೆಗೆದುಹಾಕಿದರು. ಹಾಗೆ ನೋಡಿದರೆ ಗ್ರಂಥದ ಪ್ರಕಾರ ದಂಪತಿ ತೋಟ ಬಿಟ್ಟದ್ದು ದೇವರೇ ತೊಡಿಸಿದ ಚರ್ಮದ ಅಂಗಿಗಳಲ್ಲಿ! ಎಲೆ ಬರೆದವನೂ ಮಸಾಚೊನಷ್ಟೇ ಗ್ರಂಥ ಮೀರಿದ್ದ.

ಬೆಲ್ಜಿಯಂನ ಘೆಂಟ್ ನಗರದ ಕಥೆ ಇನ್ನೂ ಸ್ವಾರಸ್ಯಕರ. 1432ರಲ್ಲಿ ಪೂರ್ಣಗೊಂಡ ವಾನ್ ಐಕ್ ಸೋದರರ ಬೃಹತ್ ಪೂಜಾವೇದಿಕೆ ಚಿತ್ರದಲ್ಲಿ ಆದಾಮನ ಕೈ ಮತ್ತು ಮುಖ ಬಿಸಿಲಿಗೆ ಕಂದಿವೆ, ಉಳಿದ ಮೈ ಬೆಳ್ಳಗಿದೆ. ಅಂದರೆ ಕಲಾವಿದನ ಎದುರು ಜೀವಂತ ಮನುಷ್ಯನೊಬ್ಬ ನಿಂತಿದ್ದ. ಇಷ್ಟೊಂದು ನಿಜವಾದ ನಗ್ನತೆ 1781ರಲ್ಲಿ ಭೇಟಿ ನೀಡಿದ ಚಕ್ರವರ್ತಿ ಎರಡನೇ ಜೋಸೆಫ್‌ಗೆ ಹಿಡಿಸಲಿಲ್ಲ. ಫಲಕಗಳನ್ನು ತೆಗೆದಿಡಲಾಯಿತು. 1860ರ ದಶಕದಲ್ಲಿ ಅವುಗಳ ಜಾಗಕ್ಕೆ ಬಟ್ಟೆ ತೊಟ್ಟ ಆದಾಮ-ಹವ್ವರ ಪ್ರತಿಗಳು ಬಂದವು! ಮೂಲ ಫಲಕಗಳು ಘೆಂಟ್‌ಗೆ ಮರಳಿದ್ದು ಮೊದಲ ಮಹಾಯುದ್ಧದ ನಂತರವೇ.

ಇನ್ನು ಸೇಬಿನ ವಿಚಾರ. ಆದಿಕಾಂಡದಲ್ಲಿ ಸೇಬಿನ ಹೆಸರೇ ಇಲ್ಲ, ಇರುವುದು ಬರೀ 'ಹಣ್ಣು'. ಲ್ಯಾಟಿನ್‌ನಲ್ಲಿ 'ಮಾಲುಮ್' ಎಂಬ ಪದಕ್ಕೆ ಕೇಡು ಮತ್ತು ಸೇಬು ಎಂಬ ಎರಡೂ ಅರ್ಥಗಳಿರುವುದು ಇದಕ್ಕೆ ಕಾರಣವೆಂಬ ವಿವರಣೆ ಪ್ರಚಲಿತದಲ್ಲಿದೆ. ರೋಮ್‌ನ ಸಿಸ್ಟೀನ್ ಮಂದಿರದ ಛಾವಣಿಯಲ್ಲಿ (1508-12) ಮೈಕೆಲೇಂಜೆಲೊ ಬರೆದದ್ದು ಅಂಜೂರದ ಮರ. ಆದರೂ ಜನಮನದಲ್ಲಿ ಗೆದ್ದದ್ದು ಸೇಬೇ. 2004ರಲ್ಲಿ ಆರಂಭವಾದ ಅಮೆರಿಕದ 'ಡೆಸ್ಪರೇಟ್ ಹೌಸ್‌ವೈವ್ಸ್' ಧಾರಾವಾಹಿ ತನ್ನ ಶೀರ್ಷಿಕೆ ದೃಶ್ಯಕ್ಕೆ ಜರ್ಮನಿಯ ಲೂಕಾಸ್ ಕ್ರಾನಾಕ್‌ನ ಆದಾಮ-ಹವ್ವರನ್ನೇ ಎರವಲು ಪಡೆಯಿತು. ಜಾಹೀರಾತುಗಳಲ್ಲಂತೂ ಒಂದು ಹಾವು, ಒಂದು ಸೇಬು ಇದ್ದರೆ ಸಾಕು, ಬೇರೆ ವಿವರಣೆಯೇ ಬೇಕಿಲ್ಲ.

ಮುಚ್ಚುವ ಹಂಬಲ ಚರ್ಚು, ಅರಮನೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನ್ ಹವ್ವಳ ದಿನಚರಿಯ ರೂಪದಲ್ಲಿ ಬರೆದ ಕಿರು ಪುಸ್ತಕ 1906ರಲ್ಲಿ ಪ್ರಕಟವಾಯಿತು. ಅದರಲ್ಲಿನ ಹವ್ವಳ ಚಿತ್ರಗಳಿಗೆ ಬಟ್ಟೆಯಿಲ್ಲವೆಂಬ ಕಾರಣಕ್ಕೆ ಮಸಾಚುಸೆಟ್ಸ್ ರಾಜ್ಯದ ಚಾರ್ಲ್ಟನ್ ಎಂಬ ಪುಟ್ಟ ಊರಿನ ಗ್ರಂಥಾಲಯವು ಅದನ್ನು ಕಪಾಟಿನಿಂದ ಹೊರಹಾಕಿತು. ಆ ನಿಷೇಧ ರದ್ದಾಗಿ ಪುಸ್ತಕ ಮತ್ತೆ ಕಪಾಟು ಸೇರಿದ್ದು 105 ವರ್ಷಗಳ ನಂತರ, 2011ರಲ್ಲಿ.